ಅರ್ಕಾ ಲೋಹಿತ್: ಖಾರಕ್ಕೆ ಮೋಸ ಇಲ್ಲ, ಪೊಟ್ಟಣ ಮಾತ್ರ ದೊಡ್ಡದು

ತಾರಸಿಗೆ ಯಾವ ಮೆಣಸಿನಕಾಯಿ ಬೀಜ ತರಲಿ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಬೆಂಗಳೂರು ಹತ್ತಿರದ ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ತಳಿ ಅರ್ಕಾ ಲೋಹಿತ್. ಚೆಂದದ ಫೋಟೊ ಅಂಟಿಸಿದ ಆನ್‌ಲೈನ್ ಪೊಟ್ಟಣಗಳ ಸಹವಾಸ ಸಾಕಾಗಿದೆ. ಈಶಾನ್ಯದ ಮಹಾ ಖಾರದ ಭೂತ್ ಜೊಲೊಕಿಯಾ ಅಂತ ತರಿಸಿದ ಗಿಡದಲ್ಲಿ ಬೋಂಡಾ ಮೆಣಸಿನಕಾಯಿ ಬಿಟ್ಟಿತ್ತು. ಅತ್ತೆ ಖುಷಿಯಾಗಿ ಬಜ್ಜಿ ಕರಿದರು, ಅದು ಬೇರೆ ಮಾತು.

ಲೋಹಿತ್ ಕಾಯಿ ಕಡುಹಸಿರು, ನೆಟ್ಟಗೆ, ನುಣ್ಣಗೆ, ತುದಿ ಚೂಪು. ಹಣ್ಣಾದರೆ ಕಡುಗೆಂಪು. ಅಂಗಡಿ ಕಾಯಿ ನಾಲ್ಕು ಹಾಕುತ್ತಿದ್ದ ಸಾರಿಗೆ ಇದು ಎರಡು ಸಾಕು. ಸೀಳಿದರೆ ಒಳಗೆ ಬೀಜ ಹಿಡಿದುಕೊಂಡ ಬಿಳಿ ತಿರುಳು ಕಾಣುತ್ತದಲ್ವಾ, ಖಾರ ಕೂತಿರುವುದು ಅಲ್ಲೇ. ಮಗನ ಪಲ್ಯಕ್ಕೆ ಹಾಕುವಾಗ ಅದನ್ನು ಚಾಕುವಿನ ತುದಿಯಲ್ಲಿ ಕೆರೆದು ತೆಗೆಯುತ್ತೇನೆ. ಸಾರಿನ ಪುಡಿಯ ಬಣ್ಣಕ್ಕೆ ಮಾತ್ರ ಇವತ್ತಿಗೂ ಬ್ಯಾಡಗಿಯೇ ಬೇಕು.

ನನಗೆ ಮುಖ್ಯ ಅನಿಸಿದ್ದು, ಇದು ಹೈಬ್ರಿಡ್ ಅಲ್ಲ. ಹಣ್ಣಾದ ಕಾಯಿಯ ಬೀಜ ಒಣಗಿಸಿಟ್ಟುಕೊಂಡರೆ ಮುಂದಿನ ಸಲಕ್ಕೂ ಅದೇ ಜಾತಿ. ಅದೇ ಸಂಸ್ಥೆಯ ಅರ್ಕಾ ಮೇಘನಾ ಹೈಬ್ರಿಡ್, ಅದರ ಬೀಜ ಎತ್ತಿಟ್ಟು ಪ್ರಯೋಜನವಿಲ್ಲ. ಪಕ್ಕದ ಕುಂಡದಲ್ಲಿ ಕ್ಯಾಪ್ಸಿಕಂ ಇದ್ದರೆ ಜೇನು ಪರಾಗ ಬೆರೆಸೀತು, ಬೀಜಕ್ಕೆ ಬಿಡುವ ಕೊಂಬೆಗೆ ಹೂ ಅರಳುವ ಮೊದಲೇ ತೆಳು ಬಟ್ಟೆ ಕಟ್ಟಿ.

ತಕರಾರೂ ಇದೆ. ಪೊಟ್ಟಣ ಹೊಲದ ಲೆಕ್ಕದ್ದು. 1 ಗ್ರಾಂನಲ್ಲೇ ನೂರಕ್ಕೂ ಜಾಸ್ತಿ ಬೀಜ, ನಮಗೆ ಬೇಕಾದ್ದು ಆರೇಳು ಗಿಡ. ಕುಂಡದವರಿಗೆ ಅಂತ ಒಂದು ಸಾಲಿನ ಸೂಚನೆಯೂ ಇರಲಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ: ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ, ತೇವ ಇರಲಿ, ನೀರು ನಿಲ್ಲಬಾರದು. ಫೆಬ್ರವರಿ ಕೊನೆಗೆ ಬಿತ್ತಿದರೆ ವಾರ, ಹತ್ತು ದಿನಕ್ಕೆ ಮೊಳಕೆ. ಡಿಸೆಂಬರ್ ಚಳಿಯಲ್ಲಿ ಸುಮ್ನೆ ಕಾಯಿಸುತ್ತದೆ.

ಮುಟುರು ರೋಗ ಇದನ್ನೂ ಬಿಡುವುದಿಲ್ಲ. ಎಲೆ ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಅನ್ನೋ ಪುಟ್ಟ ಕೀಟ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಎರಡಕ್ಕೂ ಸಂಜೆ ಹೊತ್ತು ಎಲೆಯ ಹಿಂಬದಿಗೆ ತಾಗುವಂತೆ ಬೇವಿನೆಣ್ಣೆ ಹೊಡೆಯುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೆಸರಘಟ್ಟ ದೂರ, ನಾಲ್ಕು ಮನೆಯವರು ಸೇರಿ ಒಂದು ಪೊಟ್ಟಣ ತಂದು ಹಂಚಿಕೊಳ್ಳಿ.