ಬರೆದ ನಾಟಕ, ಕಟ್ಟಿದ ನಾಟಕ, ಕತೆಯೇ ನಾಟಕ

ಕಳೆದ ಜುಲೈನಿಂದ ಫೆಬ್ರವರಿವರೆಗೆ ನಮ್ಮ ತಂಡ ಮೂರು ಹೊಸ ನಾಟಕ ಆಡಿತು. ನಾವು ಹನ್ನೊಂದು ಜನ. ಎಲ್ಲರಿಗೂ ಹಗಲು ಬೇರೆ ಕೆಲಸ. ಸಂಜೆ ಏಳರಿಂದ ಹತ್ತರವರೆಗೆ ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ತಾಲೀಮು. ಈ ವರ್ಷ ಯಾರೂ ಆಡಿರದ ನಾಟಕವನ್ನೇ ಆಡಬೇಕು ಅಂತ ಮೊದಲೇ ಗಟ್ಟಿಮಾಡಿಕೊಂಡಿದ್ದೆವು. ಕಂಬಾರರ, ಲಂಕೇಶರ ನಾಟಕಗಳನ್ನು 1972ರಲ್ಲಿ ನಿರ್ದೇಶಕ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಬಯಲು ರಂಗಕ್ಕೆ ತಂದಾಗ ಅವೂ ಹೊಸವೇ. ಆ ಮೊದಲ ಸಲದ ಕೆಲಸವನ್ನು ಯಾರಾದರೂ ಮಾಡುತ್ತಲೇ ಇರಬೇಕಲ್ಲ.

ಒಂದನ್ನು ಲೇಖಕಿಯೊಬ್ಬರು ಬರೆದುಕೊಟ್ಟರು. ಇನ್ನೊಂದನ್ನು ಬರಹವಿಲ್ಲದೆ ತಾಲೀಮಿನಲ್ಲೇ ಕಟ್ಟಿದೆವು. ಮೂರನೆಯದು ಒಂದು ಸಣ್ಣಕತೆ, ಅಕ್ಷರ ಬದಲಿಸದೆ ಆಡಿದ್ದು. ಎರಡರಲ್ಲಿ ನಾನು ನಟ, ಕಟ್ಟಿದ ನಾಟಕಕ್ಕೆ ಬೆಳಕು ನನ್ನದು.

ಕತೆಯ ಮಾತು ಬೇಗ ಮುಗಿಯುತ್ತದೆ. ನಿರ್ದೇಶಕ ದೇವೇಂದ್ರ ರಾಜ್ ಅಂಕುರ್ 1975ರಲ್ಲಿ ದೆಹಲಿಯಲ್ಲಿ ಹಿಂದಿ ಕತೆಗಳಿಗೆ ಹಾಕಿಕೊಟ್ಟ ದಾರಿ ಇದು: ಕತೆಯನ್ನು ಸಂಭಾಷಣೆಯಾಗಿ ಒಡೆಯದೆ, ನಿರೂಪಣೆಯನ್ನೂ ನಟರೇ ಹಂಚಿಕೊಂಡು ಆಡುವುದು. 21 ಸಂಜೆಯಲ್ಲಿ ಸಿದ್ಧವಾಯಿತು. ಎರಡು ಕುರ್ಚಿ, ಒಂದು ಸೀರೆ, ಕತೆಗಾರರ ಮನೆಯವರ ಅನುಮತಿ ಪತ್ರ, ಇಷ್ಟೇ ಬೇಕಾದದ್ದು. ಕಷ್ಟ ಕೊಟ್ಟದ್ದು ಕ್ರಿಯಾಪದ. ‘ಬಾಗಿಲು ತೆರೆದಳು’ ಅನ್ನುತ್ತಲೇ ನಟಿ ಬಾಗಿಲು ತೆರೆದರೆ ಮಾತು, ಅಭಿನಯ ಎರಡೂ ಸಾಯುತ್ತವೆ. ‘ಹೊರಟಿದ್ದನು’ ಅನ್ನುವಾಗಿನ ಆ ‘ನು’ ಬಾಯಲ್ಲಿ ಕಲ್ಲಿನಂತೆ ಕೂರುತ್ತದೆ. ನುಂಗಿದರೆ ಗದ್ಯದ ಲಯ ಹೋಗುತ್ತದೆ, ಒತ್ತಿದರೆ ಪಾಠ ಒಪ್ಪಿಸಿದ ಹಾಗೆ. ಕಡಿಮೆ ಹಣ, ಕಡಿಮೆ ಸಮಯ ಇರುವ ತಂಡಕ್ಕೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಉಚ್ಚಾರಣೆಗೆ ಇಷ್ಟು ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ.

ಕಟ್ಟಿದ ನಾಟಕ 75 ಸಂಜೆ ತಿಂದಿತು. ನಿರ್ದೇಶಕರು ಕೊಟ್ಟದ್ದು ಒಂದೇ ಮಾತು: ಬಾಡಿಗೆ ಮನೆ. ಪ್ರತಿಯೊಬ್ಬರೂ ಬೆಂಗಳೂರಲ್ಲಿ ಮನೆ ಹುಡುಕಿದ ಅನುಭವ ತರಬೇಕಿತ್ತು. ಮೊದಲ ವಾರ ತಮಾಷೆಯ ಪ್ರಸಂಗಗಳೇ ಬಂದವು. ಹತ್ತನೆಯ ಸಂಜೆ ಕಲಬುರಗಿ ಕಡೆಯ ನಟಿ, ‘ನೀವು ಯಾವ ಜನ’ ಎಂಬ ಪ್ರಶ್ನೆಗೆ ತಾನು ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ ಕೊಟ್ಟದ್ದನ್ನು ಆಡಿ ತೋರಿಸಿದಳು. ಅಲ್ಲಿಂದ ನಾಟಕ ಹುಟ್ಟಿತು. ಮಂಡ್ಯದವನು ಅವನ ಕನ್ನಡದಲ್ಲಿ, ಬಂಟ್ವಾಳದವನು ಅವನದರಲ್ಲಿ, ಅವಳು ‘ಯಾಕ್ರೀ, ನಿಮಗ ಬಾಡಿಗಿ ಬೇಕೋ, ನನ್ ಕುಲ ಬೇಕೋ’ ಅಂತ. ಒಬ್ಬ ನಾಟಕಕಾರನ ಪೆನ್ನಿನಿಂದ ಇಷ್ಟು ಕನ್ನಡಗಳು ಒಟ್ಟಿಗೆ ಬರುವುದು ಕಷ್ಟ. ಅದೇ ಮಹಡಿಯಲ್ಲಿ ಅರವತ್ತು ಜನರನ್ನು ಕೂರಿಸಿ ಆಡಿದೆವು. ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ಹೋಗಲೇ ಇಲ್ಲ. ತಾವು ಮನೆ ಮಾಲೀಕರು, ಆ ಪ್ರಶ್ನೆ ತಾವೂ ಕೇಳಿದ್ದುಂಟು ಅಂದರು. ನಾನು ಬೆಳಕು ಆರಿಸಲಾಗದೆ ನಿಂತಿದ್ದೆ.

ಆರು ಪ್ರದರ್ಶನ ಆಯಿತು. ಆ ನಟಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಇನ್ನೊಬ್ಬಳು ಅವವೇ ಮಾತು ಕಲಿತಳು, ಚೆನ್ನಾಗಿಯೇ ಹೇಳಿದಳು. ಆದರೆ ಮಾತಿನ ಹಿಂದೆ ಇದ್ದ ಮನೆಗಳು ಅವಳವಾಗಿರಲಿಲ್ಲ. ಎರಡು ವಾರ ಪ್ರಯತ್ನಿಸಿ ನಿಲ್ಲಿಸಿದೆವು. ಈಗ ವಿಡಿಯೊ ಇದೆ, ನಾಟಕ ಇಲ್ಲ.

ಬರೆದ ನಾಟಕ 62 ಪುಟ, 38 ಸಂಜೆ. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಎರಡು ಪ್ರಯೋಗ. ಮಹಡಿಯಲ್ಲಿ ಸಿಕ್ಕ ಬಿಸಿ ಅಲ್ಲಿ ಸಿಗಲಿಲ್ಲ. ಎರಡನೆಯ ದಿನ ಅರ್ಧ ಸಭಾಂಗಣ ಖಾಲಿ. ನಾಲ್ಕನೆಯ ದೃಶ್ಯ ಕೊನೆಯವರೆಗೂ ನಮಗೆ ಒಲಿಯಲಿಲ್ಲ. ಎಪ್ಪತ್ತರ ಮುದುಕಿಯೊಬ್ಬಳು, ಮಗ ಕ್ಷಮೆ ಕೇಳಲು ಬಂದಾಗ, ಎರಡು ಪುಟ ಉತ್ತರವನ್ನೇ ಕೊಡುವುದಿಲ್ಲ. ಮಗನ ಪಾತ್ರ ನನ್ನದು. ಆ ಮೌನವನ್ನು ಏನಾದರೂ ಮಾಡಿ ತುಂಬಬೇಕು ಅಂತ ಲೇಖಕಿಯ ಹತ್ತಿರ ಜಗಳವಾಡಿದೆ. ಅವರು ಒಂದು ಸಾಲೂ ಕೊಡಲಿಲ್ಲ.

ಆದರೂ ಮೂರರಲ್ಲಿ ನಾನು ಹಿಡಿಯುವುದು ಇದನ್ನೇ. ತಾಲೀಮಿನಲ್ಲಿ ಕಟ್ಟಿದಾಗ ನಮ್ಮೊಳಗೆ ಇದ್ದದ್ದು ಹೊರಬಂತು, ಅದೂ ಎಷ್ಟು ನಿಜವಾಗಿ. ಆದರೆ ಆ 75 ಸಂಜೆಯಲ್ಲಿ, ಕ್ಷಮಿಸಲು ಒಪ್ಪದ ಮುದುಕಿ ನಮ್ಮಲ್ಲಿ ಯಾರಿಂದಲೂ ಹೊರಡುತ್ತಿರಲಿಲ್ಲ. ನಾವೆಲ್ಲ ಮೂವತ್ತರ ಆಸುಪಾಸಿನವರು, ಎರಡನೆಯ ಸಂಜೆಗೇ ರಾಜಿ ಮಾಡಿಸಿಬಿಡುತ್ತಿದ್ದೆವು. ಅವಳನ್ನು ಹೊರಗಿನಿಂದ ಯಾರೋ ತಂದು ನಮ್ಮ ಮುಂದೆ ಕೂರಿಸಬೇಕಾಯಿತು.

ಜನವರಿಯಲ್ಲಿ ಶಿವಮೊಗ್ಗದ ಒಂದು ಕಾಲೇಜು ತಂಡದವರು ಮೂರೂ ನಾಟಕ ಕೇಳಿ ಫೋನ್ ಮಾಡಿದರು. ಕತೆಗೆ ಅನುಮತಿ ಯಾರನ್ನು ಕೇಳಬೇಕು ಅಂತ ಹೇಳಿದೆ. ಬಾಡಿಗೆ ಮನೆಯದ್ದು ಕಳಿಸಲು ನನ್ನ ಹತ್ತಿರ ಏನೂ ಇರಲಿಲ್ಲ. 62 ಪುಟದ ಜೆರಾಕ್ಸನ್ನು, ಲೇಖಕಿಯನ್ನು ಕೇಳಿ, ಅಂದೇ ಕೊರಿಯರ್ ಮಾಡಿದೆ. ಮಾರ್ಚ್‌ನಲ್ಲಿ ಹೋಗಿ ನೋಡಿದೆ. ಹತ್ತೊಂಬತ್ತರ ಹುಡುಗಿ ಮುದುಕಿಯಾಗಿದ್ದಳು. ನಾಲ್ಕನೆಯ ದೃಶ್ಯದಲ್ಲಿ ಅವಳು ಮಗನಿಗೆ ಬೆನ್ನು ಮಾಡಿ, ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾ ಕೂತಳು. ಆ ಎರಡು ಪುಟವೂ ಕಲ್ಲು ಬಟ್ಟಲಿಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.