ಲಾಯದ ಜೀನು, ಲಾಳ, ಕಡಿವಾಣಗಳ ಫೋಟೊಕ್ಕೆ ಕ್ಯಾನನ್ 50 ಎಂಎಂ ಎಸ್‌ಟಿಎಂ ಸಾಕೇ?

ಗೂಟಕ್ಕೆ ತೂಗುಹಾಕಿದ ಲಗಾಮು, ಬೆವರುಪ್ಪು ಕಟ್ಟಿದ ಹೊಟ್ಟೆಪಟ್ಟಿ, ಹುರುಳಿ ಬಕೆಟ್ಟು, ಮೊಳೆ ಸವೆದ ಹಳೇ ಲಾಳ. ಕುದುರೆ ಲಾಯದ ಇಂಥ ದಿನಬಳಕೆಯ ಸಾಮಾನುಗಳ ಫೋಟೊ ತೆಗೆಯಲು ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸು ಧಾರಾಳ ಸಾಕು. ಆದರೆ ಒಂದು ಷರತ್ತಿದೆ: ಟ್ರೈಪಾಡ್ ಬೇಕೇ ಬೇಕು, ಮತ್ತು ಎಫ್/1.8ರ, ಅಂದರೆ ಲೆನ್ಸಿನ ಕಂಡಿಯನ್ನು ಪೂರ್ತಿ ತೆರೆದಿಡುವ, ಆಸೆ ಬಿಡಬೇಕು.

2015ರಲ್ಲಿ ಬಂದ ಈ ಲೆನ್ಸಿನ ತೂಕ ಸುಮಾರು 160 ಗ್ರಾಂ, ಫಿಲ್ಟರ್ ಅಳತೆ 49 ಮಿ.ಮೀ. ಸೆನ್ಸರಿನಿಂದ 35 ಸೆಂ.ಮೀ. ಹತ್ತಿರದವರೆಗೆ ಫೋಕಸ್ ಆಗುತ್ತದೆ. ಅಂದರೆ ಲೆನ್ಸಿನ ಮೂತಿಗೂ ವಸ್ತುವಿಗೂ ನಡುವೆ ಒಂದು ಗೇಣಿಗಿಂತ ತುಸು ಹೆಚ್ಚು ಜಾಗ ಉಳಿಯುತ್ತದೆ, ಕ್ಯಾಮೆರಾದ ನೆರಳು ಚಿತ್ರದೊಳಗೆ ಬೀಳುವ ಕಾಟ ಕಡಿಮೆ. ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಆ ದೂರಕ್ಕೆ ಚೌಕಟ್ಟಿನಲ್ಲಿ ಹಿಡಿಸುವುದು ಸುಮಾರು 10.5 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರ. ದೊಡ್ಡ ಕುದುರೆಯ ಲಾಳ ಇಡಿಯಾಗಿ ಬರಬೇಕಾದರೆ ಸ್ವಲ್ಪ ಹಿಂದೆ ಸರಿಯಲೇಬೇಕು.

ತೊಂದರೆ ಎದುರಾಗುವುದು ದೊಡ್ಡ ಸಾಮಾನಿಗೆ. ಜೀನಿನ ಸುತ್ತ ಒಂದಿಷ್ಟು ಖಾಲಿ ಜಾಗ ಬಿಟ್ಟು 80 ಸೆಂ.ಮೀ. ಅಗಲ ಹಿಡಿಯಲು ಎಪಿಎಸ್-ಸಿಯಲ್ಲಿ ಸುಮಾರು 1.8 ಮೀಟರ್ ದೂರ ಬೇಕು. ಲಗಾಮು ಪೂರ್ತಿ ಇಳಿಬಿಟ್ಟಿದ್ದರೆ ಎರಡೂವರೆ ಮೀಟರ್ ದಾಟುತ್ತದೆ. ಜೀನು ಇಡುವ ಕೋಣೆಗಳು ಸಾಮಾನ್ಯವಾಗಿ ಇಕ್ಕಟ್ಟು, ಹಾಗಾಗಿ ಬಾಗಿಲಾಚೆ ನಿಂತು ತೆಗೆಯಬೇಕಾದೀತು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಇದ್ದವರಿಗೆ ಈ ಚಿಂತೆ ಕಡಿಮೆ.

ಎಫ್/1.8ರಲ್ಲಿ, ಅತಿ ಹತ್ತಿರದಲ್ಲಿ, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚೆಂದರೆ 2 ಮಿ.ಮೀ. ಕಡಿವಾಣದ ಬಳೆಯ ಮುಂದಿನ ಅಂಚು ಚೂಪಾಗಿ ಬಂದರೆ ಬಾಯೊಳಗೆ ಹೋಗುವ ತುಂಡು ಮಸುಕಾಗುತ್ತದೆ. ಹಿನ್ನೆಲೆ ಕರಗಿದ್ದು ಚೆಂದವೇ, ಆದರೆ ಕುದುರೆ ಬಲ್ಲವರು ಮೊದಲು ನೋಡುವ ಜಾಗವೇ ಕಾಣದಿದ್ದರೆ ಏನು ಬಂತು? ಕಂಡಿ ಕಿರಿದಾಗಿಸಿ ಎಫ್/8ಕ್ಕೆ ಇಳಿಸಿದರೆ ಆಳ 8 ಮಿ.ಮೀ. ಆಸುಪಾಸು, ಎಫ್/11ಕ್ಕೆ 11. ಎಫ್/16 ದಾಟಿದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್, ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆಯಲ್ಲಿ) 10 ಪಟ್ಟು ಹಿಗ್ಗಿಸಿ ಕೈಯಿಂದ ಫೋಕಸ್: ಇದೇ ಸರಿಯಾದ ಕ್ರಮ. ಫೋಕಸ್ ಉಂಗುರ ನೇರವಾಗಿ ಗಾಜನ್ನು ತಿರುಗಿಸುವುದಿಲ್ಲ, ಮೋಟಾರಿಗೆ ಹೇಳಿ ತಿರುಗಿಸುತ್ತದೆ. ಕ್ಯಾಮೆರಾ ಮಲಗಿದ್ದರೆ ಉಂಗುರ ಎಷ್ಟು ತಿರುಗಿಸಿದರೂ ಏನೂ ಆಗದು. ಲೆನ್ಸು ಕೆಟ್ಟಿತೆಂದು ಗಾಬರಿಯಾಗಬೇಡಿ.

ಪೋಲರೈಸರ್ (ಪ್ರತಿಫಲನದ ಹೊಳಪು ತಗ್ಗಿಸುವ ಫಿಲ್ಟರ್) ಕೊಳ್ಳುವ ಮುನ್ನ ಇದು ತಿಳಿದಿರಲಿ. ಎಣ್ಣೆ ಹಚ್ಚಿದ ಚರ್ಮದ ಹೊಳಪನ್ನು ಅದು ಚೆನ್ನಾಗಿ ಇಳಿಸುತ್ತದೆ, ಹೊಲಿಗೆಯ ದಾರ ಎದ್ದು ಕಾಣುತ್ತದೆ. ಫೋಕಸ್ ಮಾಡುವಾಗ ಈ ಲೆನ್ಸಿನ ಮೂತಿ ಮುಂದೆ ಚಾಚುತ್ತದೆ, ಸುತ್ತುವುದಿಲ್ಲ. ಹಾಗಾಗಿ ಫಿಲ್ಟರ್ ಹೊಂದಿಸಿದ ಕೋನ ಕದಲದು. ಆದರೆ ಸ್ಟೀಲಿನ ಕಡಿವಾಣ, ರಿಕಾಬುಗಳ (ಸವಾರ ಕಾಲಿಡುವ ಬಳೆಗಳ) ಹೊಳಪಿನ ಮೇಲೆ ಪೋಲರೈಸರ್ ಆಟ ನಡೆಯದು. ಬರಿಯ ಲೋಹದಿಂದ ಪ್ರತಿಫಲಿಸಿದ ಬೆಳಕು ಚರ್ಮದ ಮೇಲಿನ ಹೊಳಪಿನಂತೆ ಧ್ರುವೀಕರಣಗೊಳ್ಳುವುದಿಲ್ಲ. ರಿಕಾಬಿನ ಕಮಾನು ಕನ್ನಡಿಯಿದ್ದಂತೆ. ಟ್ಯೂಬ್‌ಲೈಟು, ಬಾಗಿಲು, ಫೋಟೊ ತೆಗೆಯುವವರ ಅಂಗಿ ಎಲ್ಲವೂ ಅದರಲ್ಲಿ ಮೂಡುತ್ತದೆ. ಇದಕ್ಕೆ ಮದ್ದು ಬಿಳಿ ಪಂಚೆ. ಬಾಗಿಲಿಗೆ ಒಂದೆಳೆಯಾಗಿ ಇಳಿಬಿಟ್ಟರೆ ಬೆಳಕು ಮೆದುವಾಗಿ, ಲೋಹದ ಮೇಲೆ ಒಂದೇ ಉದ್ದನೆಯ ಬಿಳಿ ಗೆರೆಯಾಗಿ ಕೂರುತ್ತದೆ. ಎದುರು ಬದಿಗೆ ಕಪ್ಪು ರಟ್ಟು ಹಿಡಿದರೆ ಅಂಚು ಖಚಿತವಾಗಿ ಕಾಣುತ್ತದೆ. ಒಳಗಿನ ದೀಪ ಆರಿಸಿ. ಬಾಗಿಲಿನ ನೀಲಿ ಬೆಳಕೂ ಬಲ್ಬಿನ ಹಳದಿಯೂ ಬೆರೆತರೆ ಕಂದು ಚರ್ಮದ ಬಣ್ಣ ಮತ್ತೆ ಸರಿಹೋಗುವುದು ಕಷ್ಟ.

ಲಾಳಕ್ಕೆ ಮಾತ್ರ ಮೆದು ಬೆಳಕು ಬೇಡ. ನೆಲದ ಮಟ್ಟಕ್ಕೆ ಹತ್ತಿರವಾಗಿ, ಒಂದೇ ಪಕ್ಕದಿಂದ ಬೆಳಕು ಹಾಯಲಿ. ಆಗ ಮೊಳೆ ಕೂರುವ ಕಾಲುವೆ, ಮುಂದಿನ ಅಂಚಿನಲ್ಲಿ ಕಬ್ಬಿಣ ತೆಳುವಾದ ಜಾಗ, ಮೊಳೆತಲೆಯ ಸವೆತ ಎಲ್ಲಕ್ಕೂ ನೆರಳು ಸಿಗುತ್ತದೆ. ಮುಂಗಾಲಿನ ಲಾಳ ದುಂಡಗೆ, ಹಿಂಗಾಲಿನದು ಮುಂದಕ್ಕೆ ಕೊಂಚ ಚೂಪು. ಎರಡನ್ನೂ ಜೋಡಿಯೆಂದು ಪಕ್ಕಪಕ್ಕ ಇಟ್ಟರೆ ಲಾಯದವರಿಗೆ ತಕ್ಷಣ ಗೊತ್ತಾಗುತ್ತದೆ.

ಕಪ್ಪು ಜೀನು ಚೌಕಟ್ಟು ತುಂಬಿದಾಗ ಕ್ಯಾಮೆರಾ ಅದನ್ನು ಬೂದು ಮಾಡಲು ಹೋಗುತ್ತದೆ. ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಅರ್ಧ ಬೆಳಕು) ತಗ್ಗಿಸಿ. ಚಿತ್ರಕ್ಕೆಂದು ಸಾಮಾನನ್ನು ಉಜ್ಜಿ ತೊಳೆಯುವುದು ದೊಡ್ಡ ತಪ್ಪು. ಒಣಗಿದ ಬೆವರಿನ ಬಿಳಿ ಗೆರೆ, ರಿಕಾಬಿನ ಪಟ್ಟಿಯಲ್ಲಿ ನಿತ್ಯ ಬಳಸುವ ಒಂದೇ ತೂತು ಹಿಗ್ಗಿರುವುದು, ಇವೇ ಅಲ್ಲಿನ ಜೀವ.

ಒಂದೊಂದು ಹೊಲಿಗೆಯನ್ನೋ ಮೊಳೆತಲೆಯನ್ನೋ ತುಂಬಾ ದೊಡ್ಡದಾಗಿ ಹಿಡಿಯಬೇಕಾದರೆ ಈ ಲೆನ್ಸಿನ 0.21 ಪಟ್ಟು (ಸೆನ್ಸರಿನ ಮೇಲೆ ಬಿಂಬ ವಸ್ತುವಿನ ಸುಮಾರು ಐದನೇ ಒಂದರಷ್ಟು) ಸಾಲದು. 12 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಗಾಜಿಲ್ಲದ ಕೊಳವೆ) ಹಾಕಿದರೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ವಿದ್ಯುತ್ ಸಂಪರ್ಕದ ಬಿಂದುಗಳಿರುವ ಟ್ಯೂಬನ್ನೇ ಕೊಳ್ಳಿ, ಇಲ್ಲದಿದ್ದರೆ ಎಫ್ ಸಂಖ್ಯೆ ಬದಲಿಸಲಾಗದು. 100 ಎಂಎಂ ಮ್ಯಾಕ್ರೊ (ಅತಿ ಹತ್ತಿರದ ಚಿತ್ರಗಳ) ಲೆನ್ಸಿಗೆ ಹಣ ಸುರಿಯುವ ಮೊದಲು ಇದನ್ನು ಪ್ರಯತ್ನಿಸಿ.

ಕುದುರೆ ಪಕ್ಕದಲ್ಲಿದ್ದರೆ ಫ್ಲ್ಯಾಶ್ ಬೇಡವೇ ಬೇಡ, ಬೆಚ್ಚುತ್ತದೆ. ಕುದುರೆ ನಡೆಸುವ ಓಣಿಯಲ್ಲಿ ಟ್ರೈಪಾಡ್ ಹರಡಬಾರದು. ಇನ್ನು ಹುಲ್ಲಿನ ಧೂಳು: ಚಾಚಿದ ಮೂತಿಯ ಸಂದಿಗೆ ಅದು ನುಗ್ಗುತ್ತದೆ. ಕ್ಯಾಮೆರಾ ಆರಿಸುವ ಮುನ್ನ ಫೋಕಸನ್ನು ಅನಂತಕ್ಕೆ ತಂದರೆ ಮೂತಿ ಒಳಗೆ ಸೇರಿಕೊಳ್ಳುತ್ತದೆ. ಲೆನ್ಸು ಬಿಚ್ಚುವ ಕೆಲಸವೇನಿದ್ದರೂ ಲಾಯದಿಂದ ಹೊರಬಂದ ಮೇಲೆ.