ಲಿಯಾನ್‌ನ ಲುಗ್ಡುನಮ್ ಮ್ಯೂಸಿಯಂ: ಗೆದ್ದವರ ಕಂಚು, ಸೋತವರ ಕಂಚು

ಫ್ರಾನ್ಸಿನ ಲಿಯಾನ್‌ಗೆ ಹೋದವರು ಫೂರ್ವಿಯೇರ್ ಗುಡ್ಡ ಹತ್ತಿ, ಬಸಿಲಿಕಾ ನೋಡಿ, ಮೇಲಿಂದ ಊರಿನ ಫೋಟೋ ತೆಗೆದು ಇಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲೇ ಸ್ವಲ್ಪ ನಡೆದರೆ ಲುಗ್ಡುನಮ್ ಮ್ಯೂಸಿಯಂ ಸಿಗುತ್ತದೆ. ಲುಗ್ಡುನಮ್ ಅಂದರೆ ರೋಮನ್ನರ ಕಾಲದ ಲಿಯಾನ್. ರೋಮನ್ನರು ಗೆದ್ದ ಜನರನ್ನು ಹೇಗೆ ನಡೆಸಿಕೊಂಡರು ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಜಾಗ ನಾನು ಬೇರೆ ಕಂಡಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಮಗನ ಮನೆಗೆ ಬಂದಾಗ ಇಲ್ಲಿಗೆ ಹೋಗದೆ ಇರಲು ಆಗುವುದಿಲ್ಲ.

ಕಟ್ಟಡ ಹೊರಗಿನಿಂದ ಕಾಣುವುದೇ ಕಷ್ಟ. 1975ರಲ್ಲಿ ತೆರೆದ ಇದನ್ನು ವಾಸ್ತುಶಿಲ್ಪಿ ಬರ್ನಾರ್ ಜೆಹರ್‌ಫೂಸ್ ಗುಡ್ಡದ ಒಳಗೇ ಹುದುಗಿಸಿದ್ದಾರೆ. ಮೇಲಿಂದ ಒಳಗೆ ಹೋಗಿ, ಕಾಂಕ್ರೀಟಿನ ಇಳಿಜಾರಿನಲ್ಲಿ ಸುತ್ತಿಕೊಂಡು ಇಳಿಯುತ್ತಾ ಹೋಗಬೇಕು. ದಾರಿಯಲ್ಲಿ ದೊಡ್ಡ ಕಿಟಕಿಗಳಿಂದ ಹೊರಗಿನ ರೋಮನ್ ರಂಗಮಂದಿರ ಕಾಣುತ್ತದೆ. ಮೊಸಾಯಿಕ್‌ಗಳೂ ಚೆನ್ನಾಗಿವೆ, ರಥದ ಓಟದ ಮೊಸಾಯಿಕ್ ಅಂತೂ ಮಕ್ಕಳಿಗೆ ತುಂಬ ಹಿಡಿಸುತ್ತದೆ. ಆದರೆ ನಿಮ್ಮ ಸಮಯವನ್ನು ಎರಡು ವಸ್ತುಗಳಿಗೆ ಉಳಿಸಿಕೊಳ್ಳಿ. ಎರಡೂ ಕಂಚಿನವು.

ಮೊದಲನೆಯದು ಕ್ಲಾಡಿಯಸ್‌ನ ಹಲಗೆ. ಸುಮಾರು 2 ಮೀಟರ್ ಅಗಲ, ತೂಕ 200 ಕಿಲೋಗಿಂತ ಜಾಸ್ತಿ. 1528ರಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ದ್ರಾಕ್ಷಿ ತೋಟದಲ್ಲಿ ಸಿಕ್ಕಿತು. ಮೇಲಿನ ಭಾಗ ಕಳೆದುಹೋಗಿದೆ. ಉಳಿದ ಅಕ್ಷರಗಳು ಎಷ್ಟು ಚೊಕ್ಕವಾಗಿವೆ ಅಂದರೆ, ಲ್ಯಾಟಿನ್ ಬಾರದವರೂ ಒಂದೊಂದೇ ಅಕ್ಷರ ಕೂಡಿಸಿಕೊಂಡು ಹೆಸರುಗಳನ್ನು ಓದಬಹುದು. ಕ್ರಿ.ಶ. 48ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ರೋಮಿನ ಸೆನೆಟ್‌ನಲ್ಲಿ ಮಾಡಿದ ಭಾಷಣ ಇದು. ಗಾಲ್ ನಾಡಿನ (ಹೆಚ್ಚುಕಡಿಮೆ ಈಗಿನ ಫ್ರಾನ್ಸ್, ಸೀಸರ್ ಗೆದ್ದುಕೊಂಡದ್ದು) ಮುಖಂಡರಿಗೆ ಸೆನೆಟ್‌ನಲ್ಲಿ ಜಾಗ ಕೊಡಬೇಕೋ ಬೇಡವೋ ಅನ್ನುವ ಚರ್ಚೆ. ಹಳೆಯ ಸೆನೆಟರುಗಳಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಇವರ ತಾತಂದಿರು ಅಲೇಸಿಯಾ ಯುದ್ಧದಲ್ಲಿ ಸೀಸರ್‌ನನ್ನೇ ಮುತ್ತಿದವರಲ್ವಾ ಅನ್ನುವುದು ಅವರ ವಾದ ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ.

ಕ್ಲಾಡಿಯಸ್ ಹುಟ್ಟಿದ್ದು ಇದೇ ಲಿಯಾನ್‌ನಲ್ಲಿ, ಕ್ರಿ.ಪೂ. 10ರಲ್ಲಿ. ಅವನು ಕೊಡುವ ಉತ್ತರ ಕೇಳಿ. ನಮ್ಮ ರೋಮಿನ ರಾಜರೇ ಹೊರಗಿನವರು. ನೂಮಾ ಪಕ್ಕದ ಸಬೈನ್ ಜನಾಂಗದವನು. ಟಾರ್ಕ್ವಿನ್‌ನ ತಂದೆ ಗ್ರೀಸಿನ ಕೊರಿಂತ್‌ನಿಂದ ಬಂದವನು. ಸರ್ವಿಯಸ್ ಟುಲಿಯಸ್‌ನ ತಾಯಿ ಯುದ್ಧದಲ್ಲಿ ಸೆರೆ ಸಿಕ್ಕವಳು. ಗಾಲ್ ಜನ ಹತ್ತು ವರ್ಷ ಸೀಸರ್‌ಗೆ ಕಾಟ ಕೊಟ್ಟರು, ನಿಜ. ಅದರ ಎದುರಿಗೆ ನೂರು ವರ್ಷದ ನಿಷ್ಠೆಯನ್ನೂ ಇಟ್ಟು ನೋಡಿ. ಕೊನೆಗೆ ಅವನ ಮಾತೇ ನಡೆಯಿತು. ಮೊದಲು ಒಳಗೆ ಬಂದವರು ಏಡುಯಿ ಪಂಗಡದವರು.

ಸೋತವರ ಮೊಮ್ಮಕ್ಕಳನ್ನು ಗೆದ್ದವರ ಸಭೆಯಲ್ಲಿ ಕೂರಿಸುವುದು ಸಣ್ಣ ವಿಷಯವಲ್ಲ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ 'ಹತ್ತು ವರ್ಷ' ಅನ್ನುವ ಮಾತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅದರೊಳಗೆ ಏನೇನಿದೆ ಗೊತ್ತಾ? ಉಕ್ಸೆಲೊಡೂನಮ್ ಕೋಟೆ ಬಿದ್ದಾಗ ಆಯುಧ ಹಿಡಿದವರ ಕೈಗಳನ್ನೇ ಸೀಸರ್ ಕತ್ತರಿಸಿಹಾಕಿಸಿದ. ಕ್ರಿ.ಪೂ. 52ರಲ್ಲಿ ಶರಣಾದ ಗಾಲ್ ಜನರ ನಾಯಕ ವರ್ಸಿಂಜೆಟೊರಿಕ್ಸ್‌ನನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟು, ಕ್ರಿ.ಪೂ. 46ರಲ್ಲಿ ರೋಮಿನ ಬೀದಿಯಲ್ಲಿ ಮೆರವಣಿಗೆ ಮಾಡಿ ಕೊಂದರು. ಹತ್ತು ಲಕ್ಷ ಜನ ಸತ್ತರು, ಇನ್ನು ಹತ್ತು ಲಕ್ಷ ಜನ ಸೆರೆಯಾದರು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ.

ಇದೇ ಕ್ಲಾಡಿಯಸ್ ಗಾಲ್ ಜನರ ಪುರೋಹಿತರಾದ ಡ್ರೂಯಿಡರನ್ನು ಅಡಗಿಸಿದವನೂ ಹೌದು. ಹಾಗಾಗಿ ಹಲಗೆ ನೋಡಿದ ಮೇಲೆ ಕೊಲಿನ್ಯಿ ಪಂಚಾಂಗವನ್ನು ತಪ್ಪದೆ ನೋಡಿ. 1897ರಲ್ಲಿ ಚೂರು ಚೂರಾಗಿ ಸಿಕ್ಕ ಇದು ಕ್ರಿ.ಶ. 2ನೇ ಶತಮಾನದ್ದು. ಲಿಪಿ ರೋಮನ್ನರದು, ಭಾಷೆ ಮಾತ್ರ ಗಾಲ್ ಜನರದು. ಪ್ರತಿ ದಿನದ ಪಕ್ಕ ಒಂದು ಪುಟ್ಟ ತೂತು, ಕಡ್ಡಿ ಸಿಕ್ಕಿಸಿ ದಿನ ಗುರುತು ಮಾಡಲಿಕ್ಕೆ. ತಿಂಗಳಿಗೆ 29 ಅಥವಾ 30 ದಿನ, ಮಧ್ಯದಲ್ಲಿ ಗೆರೆ ಎಳೆದ ಹಾಗೆ ಎರಡು ಭಾಗ. ಐದು ವರ್ಷಕ್ಕೆ ಎರಡು ಹೆಚ್ಚಿನ ತಿಂಗಳು. ಪಕ್ಷ, ಅಧಿಕ ಮಾಸ ನೋಡಿಕೊಂಡು ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ! ರೋಮನ್ ಆಳ್ವಿಕೆ ಬಂದು ಇನ್ನೂರು ವರ್ಷ ಆದಮೇಲೂ ಯಾರೋ ತಮ್ಮ ಲೆಕ್ಕದ ತಿಂಗಳುಗಳನ್ನು ತಮ್ಮ ನುಡಿಯಲ್ಲೇ ಕಂಚಿನ ಮೇಲೆ ಕೊರೆಸಿದ್ದಾರೆ. ನನ್ನ ಮಟ್ಟಿಗೆ ಇಡೀ ಮ್ಯೂಸಿಯಂನಲ್ಲಿ ಅತಿ ಅಮೂಲ್ಯ ವಸ್ತು ಇದೇ.

ತಿಂಗಳಿನ ಮಾತು ಬಂದಿದ್ದಕ್ಕೆ ಲಿಸಿನಸ್‌ನ ಕಥೆಯನ್ನೂ ಹೇಳಿಬಿಡುತ್ತೇನೆ. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಿ ಇಲ್ಲಿ ತೆರಿಗೆ ವಸೂಲಿ ಮಾಡಿಸುತ್ತಿದ್ದವನು. ಹುಟ್ಟಿನಿಂದ ಗಾಲ್‌ನವನೇ, ಒಂದು ಕಾಲದಲ್ಲಿ ಗುಲಾಮನಾಗಿದ್ದವನು. ತಿಂಗಳಿಗೊಮ್ಮೆ ತೆರಿಗೆ ಕಟ್ಟಬೇಕಿತ್ತು, ಇವನು ವರ್ಷಕ್ಕೆ 14 ತಿಂಗಳು ಅಂತ ಲೆಕ್ಕ ಹಾಕಿ ವಸೂಲಿ ಮಾಡಿದ. ಜನ ಚಕ್ರವರ್ತಿಗೆ ದೂರು ಕೊಟ್ಟರು. ಲಿಸಿನಸ್ ತುಂಬಿಟ್ಟಿದ್ದ ಬೆಳ್ಳಿ ಬಂಗಾರವನ್ನೆಲ್ಲ ತೋರಿಸಿ, ಇದನ್ನು ನಿಮಗೋಸ್ಕರವೇ ಕೂಡಿಟ್ಟೆ, ಇವರ ಕೈಯಲ್ಲಿ ಇದ್ದಿದ್ದರೆ ದಂಗೆ ಏಳುತ್ತಿದ್ದರು ಅಂದ. ಅಷ್ಟಕ್ಕೇ ಬಚಾವಾದ ಅಂತ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ.

ಊರಿನಲ್ಲಿ ದುಡ್ಡು ಕೊಟ್ಟು ಒಂದು ಗೈಡೆಡ್ ವಾಕ್‌ಗೂ ಹೋಗಿದ್ದೆ. ರೋಮನ್ನರು ರಸ್ತೆ, ನೀರು, ಸ್ನಾನಗೃಹ ಕೊಟ್ಟರು, ಎಲ್ಲರೂ ಸುಖವಾಗಿದ್ದರು ಅನ್ನುವ ಧಾಟಿಯಲ್ಲೇ ಮುಗಿಸಿದರು. ತೆರಿಗೆಯ ಸುದ್ದಿಯೇ ಇಲ್ಲ, ಗುಲಾಮರ ಸುದ್ದಿಯೂ ಇಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಅಂಥದ್ದಕ್ಕೆ ಖರ್ಚು ಮಾಡುವ ಬದಲು ಮ್ಯೂಸಿಯಂ ಟಿಕೆಟ್ ತಗೊಳ್ಳಿ.

ಮ್ಯೂಸಿಯಂ ಮುಗಿಸಿ ಕ್ರುವಾ ರೂಸ್ ಗುಡ್ಡದ ಆಂಫಿಥಿಯೇಟರ್‌ಗೂ ಹೋಗಿ. ಕ್ರಿ.ಪೂ. 12ರಲ್ಲಿ ಅಗಸ್ಟಸ್‌ನ ಮಲಮಗ ಡ್ರೂಸಸ್ ಅಲ್ಲಿ ರೋಮ್ ಮತ್ತು ಅಗಸ್ಟಸ್‌ಗೆ ಬಲಿಪೀಠ ಕಟ್ಟಿಸಿದ. ಗಾಲ್‌ನ 60 ಪಂಗಡಗಳ ಪ್ರತಿನಿಧಿಗಳು ವರ್ಷಕ್ಕೊಮ್ಮೆ ಸೇರುತ್ತಿದ್ದರು. ಕ್ರಿ.ಶ. 19ರ ಸುಮಾರಿಗೆ ಆಂಫಿಥಿಯೇಟರ್ ಕಟ್ಟಿಸಿದವನು ರೋಮಿನವನಲ್ಲ, ಸಾಂತ್ ಊರಿನ ಗಾಯಸ್ ಜೂಲಿಯಸ್ ರೂಫಸ್. ಅವನ ಮುತ್ತಾತನ ಹೆಸರು ಎಪೊಟ್ಸೊರೊವಿಡಸ್, ಅಪ್ಪಟ ಗಾಲ್ ಹೆಸರು. ತಾತನಿಂದ ಮುಂದಕ್ಕೆ ಎಲ್ಲರೂ ಗಾಯಸ್ ಜೂಲಿಯಸ್, ಸೀಸರ್‌ನದೇ ಹೆಸರು. ಮೇಲಿನ ಮನೆತನಗಳನ್ನು ಹೀಗೆ ಒಲಿಸಿಕೊಂಡರೆ ಕೆಳಗಿನವರನ್ನು ಆ ಮನೆತನಗಳೇ ನೋಡಿಕೊಳ್ಳುತ್ತವೆ. ರೋಮನ್ನರ ಆಡಳಿತದ ಗುಟ್ಟು ಇದೇ ಅಂತ ನನಗನಿಸುತ್ತದೆ.

ಅದೇ ಅಂಗಳದಲ್ಲಿ ಕ್ರಿ.ಶ. 177ರಲ್ಲಿ ಬ್ಲಾಂಡಿನಾ ಅನ್ನುವ ಗುಲಾಮ ಹುಡುಗಿಯನ್ನೂ ಉಳಿದ ಕ್ರೈಸ್ತರನ್ನೂ ಹಿಂಸಿಸಿ ಕೊಂದರು. ರೋಮನ್ ನಾಗರಿಕರಾಗಿದ್ದರೆ ತಲೆ ಕಡಿಯುವುದು, ಇಲ್ಲದವರನ್ನು ಕಾಡುಮೃಗಗಳಿಗೆ ಹಾಕುವುದು. ಸಾವಿನಲ್ಲೂ ದರ್ಜೆ ಇತ್ತು. ಸಾಮ್ರಾಜ್ಯದ ಸ್ವತಂತ್ರ ಜನರಿಗೆಲ್ಲ ಪೌರತ್ವ ಸಿಕ್ಕಿದ್ದು 212ರಲ್ಲಿ. ಅದನ್ನು ಕೊಟ್ಟ ಚಕ್ರವರ್ತಿ ಕ್ಯಾರಕಲ್ಲಾ ಕೂಡ ಲಿಯಾನ್‌ನಲ್ಲೇ ಹುಟ್ಟಿದವನು.

ಹಳೇ ಲಿಯಾನ್‌ನಿಂದ ಫ್ಯೂನಿಕ್ಯುಲರ್ ರೈಲು ಹತ್ತಿ ಮಿನಿಮ್ ನಿಲ್ದಾಣದಲ್ಲಿ ಇಳಿದರೆ ಮ್ಯೂಸಿಯಂ ಹತ್ತಿರ. ಸೋಮವಾರ ರಜೆ. ಹೊರಗಿನ ರಂಗಮಂದಿರಗಳಿಗೆ ಟಿಕೆಟ್ ಬೇಕಿಲ್ಲ. ಕ್ಲಾಡಿಯಸ್‌ನ ಭಾಷಣದ ಅನುವಾದವನ್ನು ಮೊದಲೇ ಫೋನಿನಲ್ಲಿ ಇಟ್ಟುಕೊಳ್ಳಿ. ಹೈಸ್ಕೂಲ್ ಓದುವ ಮಕ್ಕಳಿದ್ದರೆ ಹಲಗೆಯ ಮುಂದೆ ನಿಲ್ಲಿಸಿ ಅವರಿಂದಲೇ ಓದಿಸಿ.